ಫರಸಿ ನಾಡಿನ ಬೆರಳು, ಮಿದುಳಿನ ನಕ್ಷೆ

ಹೆಬ್ಬೆರಳಿಗೆ 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರ ಬೆರಳಿಗೂ ಕಿರುಬೆರಳಿಗೂ ತಲಾ 7. ಕೆಲಸದಲ್ಲಿ ಬೆರಳು ಕಳೆದುಕೊಂಡವರ ದುಡಿಯುವ ಶಕ್ತಿ ನೂರಕ್ಕೆ ಎಷ್ಟು ಕುಗ್ಗಿತು ಎಂದು ಅಳೆಯಲು 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಸೂಚಿ ಇಟ್ಟ ಲೆಕ್ಕವಿದು. ಮೂಳೆ ಉಳಿದು ತುದಿಯಷ್ಟೇ ಹೋಗಿದ್ದರೆ ತೋರುಬೆರಳಿಗೆ 5, ಕಿರುಬೆರಳಿಗೆ 2. ಕಲಬುರಗಿ ಜಿಲ್ಲೆಯ ಶಹಾಬಾದಿನ ಫರಸಿ (ನೆಲಹಾಸು ಕಲ್ಲು) ಕಾರ್ಖಾನೆಗಳಿರುವ, ವಾಡಿ ಮತ್ತು ಸೇಡಂನ ಸಿಮೆಂಟ್ ಗಿರಣಿಗಳಿರುವ ಸೀಮೆಯಲ್ಲಿ ಇವು ಬರೀ ಕಾಗದದ ಮೇಲಿನ ಅಂಕಿಗಳಲ್ಲ. ಕಟಿಂಗ್ ಮಷಿನ್ನಿನ ಚಕ್ರಕ್ಕೆ ಕೈ ಕೊಟ್ಟವರ ಮನೆಯಲ್ಲಿ ಮುಂದಿನ ಹತ್ತಾರು ವರ್ಷ ಒಲೆ ಹೇಗೆ ಉರಿಯಬೇಕು ಎಂಬುದು ಇಂಥ ಅಂಕಿಗಳ ಮೇಲೆ ನಿಂತಿರುತ್ತದೆ.

ಬೆರಳುಗಳಿಗೆ ಹೀಗೆ ಹೆಚ್ಚುಕಡಿಮೆ ಪಾಲು ಹಂಚಿಟ್ಟ ಇನ್ನೊಂದು ಲೆಕ್ಕಪತ್ರ ಪ್ರತಿಯೊಬ್ಬರ ತಲೆಬುರುಡೆಯ ಒಳಗೇ ಇದೆ. ಒಂದು ಕಿವಿಯ ಮೇಲಿಂದ ನೆತ್ತಿಯನ್ನು ಹಾದು ಇನ್ನೊಂದು ಕಿವಿಯ ಕಡೆಗೆ ಇಳಿಯುವ ಮಿದುಳಿನ ಒಂದು ಮಡಿಕೆಯಲ್ಲಿ ಮೈಯ ಸ್ಪರ್ಶವೆಲ್ಲ ಬಂದು ದಾಖಲಾಗುತ್ತದೆ. ವೈದ್ಯರು ಇದನ್ನು ಸೊಮ್ಯಾಟೋಸೆನ್ಸರಿ ಕಾರ್ಟೆಕ್ಸ್ ಎನ್ನುತ್ತಾರೆ. ನಾವು ಸ್ಪರ್ಶದ ಪಟ್ಟಿ ಎನ್ನೋಣ. ಬಲಗೈಯ ಸುದ್ದಿ ಎಡ ಮಿದುಳಿಗೆ, ಎಡಗೈಯದು ಬಲ ಮಿದುಳಿಗೆ. ಪಟ್ಟಿಯ ತುತ್ತತುದಿಯಲ್ಲಿ, ಎರಡು ಅರೆಮಿದುಳುಗಳ ನಡುವಿನ ಸಂದಿಯಲ್ಲಿ ಪಾದ. ಅಲ್ಲಿಂದ ಕೆಳಗೆ ಕಾಲು, ಮುಂಡ, ತೋಳು, ಅಂಗೈ. ಆಮೇಲೆ ಕಿರುಬೆರಳು, ಉಂಗುರ ಬೆರಳು, ನಡುಬೆರಳು, ತೋರುಬೆರಳು, ಹೆಬ್ಬೆರಳು ಸಾಲಾಗಿ. ಹೆಬ್ಬೆರಳಿನ ಕೆಳಗೆ ಮುಖ, ತುಟಿ, ನಾಲಿಗೆ. ಬೆನ್ನಿನಷ್ಟು ದೊಡ್ಡ ಅಂಗಕ್ಕೆ ಅಲ್ಲಿ ಸಿಕ್ಕಿರುವುದು ಅಂಗುಲದ ಚೂರು ಜಾಗ. ಬೆರಳ ತುದಿಗಳಿಗೂ ತುಟಿಗೂ ಸಿಕ್ಕಿರುವುದು ಅವುಗಳ ಅಳತೆಗೆ ಮೀರಿದ ಹೊಲ. ಹೆಬ್ಬೆರಳು, ತೋರುಬೆರಳಿಗೆ ಹೆಚ್ಚು, ಕಿರುಬೆರಳಿಗೆ ಕಡಿಮೆ. ಈ ಮಟ್ಟಿಗೆ ಕಾಯ್ದೆ ಬರೆದವರ ಅಂದಾಜೂ ಮಿದುಳಿನ ಅಂದಾಜೂ ಒಂದೇ ದಿಕ್ಕಿನಲ್ಲಿವೆ.

ಈ ನಕ್ಷೆ ವಿವರವಾಗಿ ಕೈಗೆ ಸಿಕ್ಕಿದ್ದು ಕೆನಡಾದ ಮಾಂಟ್ರಿಯಲ್‌ನ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ. ಮಿದುಳಿಗೆ ತನ್ನದೇ ನೋವು ತಿಳಿಯುವುದಿಲ್ಲ. ಹಾಗಾಗಿ ನೆತ್ತಿಯ ಚರ್ಮಕ್ಕಷ್ಟೇ ಮರಗಟ್ಟಿಸುವ ಮದ್ದು ಕೊಟ್ಟು, ರೋಗಿ ಎಚ್ಚರವಿರುವಾಗಲೇ ವೈಲ್ಡರ್ ಪೆನ್‌ಫೀಲ್ಡ್ ಮೂರ್ಛೆರೋಗದ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಎಲ್ಲಿ ಕತ್ತರಿಸಬಾರದು ಎಂದು ತಿಳಿಯಲು ಸಣ್ಣ ವಿದ್ಯುತ್ ಕಡ್ಡಿಯಿಂದ ಮಿದುಳನ್ನು ಮುಟ್ಟುತ್ತಿದ್ದರು. ಒಂದು ಕಡೆ ಮುಟ್ಟಿದರೆ ರೋಗಿ ಹೆಬ್ಬೆರಳು ಜುಮ್ಮೆಂದಿತು ಎನ್ನುವನು, ಕೊಂಚ ಮೇಲೆ ಮುಟ್ಟಿದರೆ ತೋರುಬೆರಳು. ಎಡ್ವಿನ್ ಬೋಲ್ಡ್ರಿ ಜತೆಗೂಡಿ 1937ರಲ್ಲಿ ಅವರು ಇದನ್ನೆಲ್ಲ ಪ್ರಕಟಿಸಿದರು. ದೊಡ್ಡ ಕೈ, ದಪ್ಪ ತುಟಿ, ಸಣಕಲು ಮೈಯ ವಿಚಿತ್ರ ಮನುಷ್ಯನ ಚಿತ್ರವೊಂದು ವೈದ್ಯಕೀಯ ಪುಸ್ತಕಗಳಿಗೆ ಬಂದದ್ದು ಹೀಗೆ.

ಆದರೆ ತಲೆ ತೆರೆಯದೆ ನೋಡಲು ಸಾಧ್ಯವಾದದ್ದು ಅರ್ಧ ಶತಮಾನದ ನಂತರ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕ ಹೊತ್ತಾಗ ಕಾಂತಕ್ಕೆ ಒಂದು ರೀತಿ ವರ್ತಿಸುತ್ತದೆ, ಅದನ್ನು ಇಳಿಸಿದಾಗ ಇನ್ನೊಂದು ರೀತಿ. ಮಿದುಳಿನ ಯಾವ ಭಾಗ ಕೆಲಸಕ್ಕೆ ಇಳಿಯುತ್ತದೋ ಅಲ್ಲಿಗೆ ಕೆಲವೇ ಕ್ಷಣಗಳಲ್ಲಿ ಹೊಸ ರಕ್ತ ನುಗ್ಗುತ್ತದೆ. ಈ ವ್ಯತ್ಯಾಸವನ್ನು ಎಂಆರ್‌ಐ ಯಂತ್ರ ಗುರುತಿಸಬಲ್ಲದು ಎಂದು ಸೀಜಿ ಒಗಾವಾ 1990ರಲ್ಲಿ ತೋರಿಸಿದರು. ಎರಡೇ ವರ್ಷದಲ್ಲಿ ಮನುಷ್ಯರ ಮೇಲಿನ ಪ್ರಯೋಗಗಳು ಬಂದವು. ಇದೇ ಎಫ್ಎಂಆರ್‌ಐ. ಸಾಮಾನ್ಯ ಎಂಆರ್‌ಐ ಮಿದುಳಿನ ಆಕಾರ ತೋರಿಸಿದರೆ, ಇದು ಮಿದುಳಿನ ಕೆಲಸವನ್ನು ತೋರಿಸುತ್ತದೆ.

ಬೆರಳಿನ ನಕ್ಷೆ ತೆಗೆಯುವ ಬಗೆ ಕೇಳಿದರೆ ಸರಳ ಅನಿಸುತ್ತದೆ. ಯಂತ್ರದ ಸುರಂಗದಲ್ಲಿ ಮಲಗಿದವರ ಐದೂ ಬೆರಳ ತುದಿಗೆ ಪುಟ್ಟ ಕಂಪನದ ಗುಂಡಿಗಳನ್ನು ತಾಗಿಸಿಡುತ್ತಾರೆ. ಹೆಬ್ಬೆರಳಿನ ಗುಂಡಿ ಕೆಲವು ಸೆಕೆಂಡು ನಡುಗಿ ನಿಲ್ಲುತ್ತದೆ, ಆಮೇಲೆ ತೋರುಬೆರಳಿನದು, ಹೀಗೆ ಕಿರುಬೆರಳವರೆಗೆ. ಮತ್ತೆ ಹೆಬ್ಬೆರಳಿನಿಂದ ಶುರು. ಸುತ್ತಿನ ಮೇಲೆ ಸುತ್ತು ನಡೆಯುತ್ತದೆ. ಪ್ರತಿ ಸುತ್ತಿನಲ್ಲಿ ಮಿದುಳಿನ ಯಾವ ಚುಕ್ಕೆ ಎಷ್ಟು ಹೊತ್ತಿಗೆ ಎಚ್ಚೆತ್ತಿತು ಎಂಬುದನ್ನು ಲೆಕ್ಕ ಹಾಕಿದರೆ ಆ ಚುಕ್ಕೆ ಯಾವ ಬೆರಳಿನದು ಎಂದು ತಿಳಿಯುತ್ತದೆ. ಬೆರಳಿಗೊಂದು ಬಣ್ಣ ಕೊಟ್ಟರೆ ಮಡಿಕೆಯ ಗೋಡೆಯ ಮೇಲೆ ಐದು ಬಣ್ಣದ ಸಾಲು ಮೂಡುತ್ತದೆ. ಹೆಬ್ಬೆರಳಿನಿಂದ ಕಿರುಬೆರಳವರೆಗಿನ ಇಡೀ ಸಾಲು ಒಂದೂವರೆ, ಎರಡು ಸೆಂಟಿಮೀಟರಿನ ಒಳಗೆ ಮುಗಿಯುತ್ತದೆ. ಅಷ್ಟು ಚಿಕ್ಕ ಜಾಗವನ್ನು ಬಿಡಿಸಿ ನೋಡಲು ಬಲವಾದ ಕಾಂತ ಬೇಕು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ವಿಜ್ಞಾನಿಗಳು 2010ರಲ್ಲಿ 7 ಟೆಸ್ಲಾ ಯಂತ್ರದಲ್ಲಿ ಒಬ್ಬೊಬ್ಬರ ಮಿದುಳಲ್ಲೂ ಐದೂ ಬೆರಳನ್ನು ಬೇರೆ ಬೇರೆಯಾಗಿ ಗುರುತಿಸಿದರು. ಭೂಮಿಯ ಕಾಂತಶಕ್ತಿಗೆ ಹೋಲಿಸಿದರೆ ಈ ಯಂತ್ರದ ಕಾಂತ ಲಕ್ಷಪಟ್ಟಿಗೂ ಹೆಚ್ಚು. ಈ ಕಾಂತದ ಬಳಿ ಹೋಗುವ ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು ನಮ್ಮ ಸೀಮೆಯವರು ಚೆನ್ನಾಗಿ ನೆನಪಿಡಬೇಕಾದದ್ದು: ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಸಿಡಿದಿದೆಯೇ? ವೆಲ್ಡಿಂಗ್, ಗ್ರೈಂಡಿಂಗ್ ಮಾಡಿದವರು ಇದನ್ನು ಮುಚ್ಚಿಡಬಾರದು. ಒಳಗುಳಿದ ಚೂರನ್ನು ಕಾಂತ ಎಳೆದರೆ ಕಣ್ಣೇ ಹೋದೀತು.

ಇನ್ನು ನಮ್ಮ ಕಲ್ಲಿನ ಮಾತು. ಭೀಮಾ, ಕಾಗಿಣಾ ನದಿಗಳ ಈ ನೆಲದ ಅಡಿಯಲ್ಲಿರುವುದು ಪದರ ಪದರವಾಗಿ ಕೂತ ಸುಣ್ಣಕಲ್ಲು. ಅದರ ಗುಣವೇ ಪದರದ ಗುಂಟ ಬಿಚ್ಚಿಕೊಳ್ಳುವುದು. ಹಾಗಾಗಿಯೇ ಶಹಾಬಾದಿ ಫರಸಿ ದೇಶದ ಎಷ್ಟೋ ರೈಲು ನಿಲ್ದಾಣ, ಶಾಲೆ, ಅಡುಗೆಮನೆಗಳ ನೆಲವಾಯಿತು. ಒಂದು ಪದರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ, ಉಳಿ ಎಲ್ಲಿ ಇಡಬೇಕು, ಎಷ್ಟು ಹೊಡೆದರೆ ಕಲ್ಲು ಸೀಳದೆ ಏಳುತ್ತದೆ ಎಂಬುದನ್ನು ಗಣಿಯವರು ಕಣ್ಣಿಗಿಂತ ಹೆಚ್ಚಾಗಿ ಕೈಯಿಂದಲೇ ತಿಳಿಯುತ್ತಾರೆ. ಬಲಗೈ ಸುತ್ತಿಗೆ ಹೊಡೆಯುತ್ತದೆ, ಎಡಗೈ ಉಳಿ ಹಿಡಿದು ಕಲ್ಲಿನ ಉತ್ತರ ಕೇಳಿಸಿಕೊಳ್ಳುತ್ತದೆ. ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ, 1990ರ ದಶಕದ ಉತ್ಖನನದಲ್ಲಿ ಹೊರಬಂದ ಬೌದ್ಧ ಸ್ತೂಪದ ಫಲಕಗಳು ಸುಣ್ಣಕಲ್ಲಿನವೇ. ರಾಣಿಯರೊಡನೆ ನಿಂತ ಅಶೋಕನ ಮೂರ್ತಿ, ಅದರ ಮೇಲೆ ಬ್ರಾಹ್ಮಿಯಲ್ಲಿ ಅವನ ಹೆಸರು ಅಲ್ಲಿದೆ. ಅದರಲ್ಲಿನ ಸೀರೆಯ ನೆರಿಗೆ, ಕೊರಳ ಸರದ ಮಣಿ ಕೊರೆದವರ ಎಡಗೈ ಬೆರಳುಗಳು ಎರಡು ಸಾವಿರ ವರ್ಷದ ಹಿಂದೆ ಇದೇ ಕೆಲಸವನ್ನೇ ಮಾಡುತ್ತಿದ್ದವು.

ಆ ಬೆರಳ ತುದಿಯ ಒಳಗೆ ಏನಿದೆ? ಅಂಗೈ ಮತ್ತು ಬೆರಳುಗಳ ಒಳಬದಿಯಲ್ಲಿ ಸುಮಾರು 17,000 ಸ್ಪರ್ಶದ ನರತಂತುಗಳಿವೆ ಎಂದು ಸ್ವೀಡನ್ನಿನ ಯೋಹಾನ್ಸನ್ ಮತ್ತು ವಾಲ್ಬೊ 1979ರಲ್ಲಿ ಅಂದಾಜಿಸಿದರು. ಅವು ನಾಲ್ಕು ಬಗೆ. ಒಂದು ಬಗೆ ಅಂಚು, ಮೂಲೆಗಳ ಒತ್ತಡ ಹಿಡಿಯುತ್ತದೆ. ಇನ್ನೊಂದು, ಹಿಡಿದದ್ದು ಜಾರಲು ತೊಡಗಿದ ಕ್ಷಣವನ್ನು. ಮತ್ತೊಂದು ಚರ್ಮ ಎಳೆದದ್ದನ್ನು. ನಾಲ್ಕನೆಯದು, ಆಳದಲ್ಲಿ ಕೂತ ಪ್ಯಾಸಿನಿ ಕಣಗಳು, ಸೆಕೆಂಡಿಗೆ ಇನ್ನೂರು ಮುನ್ನೂರು ಸಲ ನಡುಗುವ ಕಂಪನಕ್ಕೆ ಅತಿ ಚುರುಕು. ಉಳಿಯ ಮೂಲಕ ಬರುವ ಕಲ್ಲಿನ ಸುದ್ದಿ ಮುಖ್ಯವಾಗಿ ಮುಟ್ಟುವುದು ಇವಕ್ಕೆ. ಕಣ್ಣಿಗೆ ಕಾಣದ, ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟು ಎತ್ತರದ ಸುಕ್ಕನ್ನೂ ಮನುಷ್ಯರ ಬೆರಳು ನಯವಾದ ಮೇಲ್ಮೈಯಿಂದ ಬೇರ್ಪಡಿಸಬಲ್ಲದು ಎಂದು ಸ್ವೀಡನ್ನಿನದೇ 2013ರ ಪ್ರಯೋಗವೊಂದು ತೋರಿಸಿತು. ಪಾಲಿಷ್ ಆದ ಫರಸಿಯ ಮೇಲೆ ಅಂಗೈ ಸವರಿ ಇನ್ನೊಂದು ಸುತ್ತು ಬೇಕು ಎನ್ನುವವರ ಮಾತನ್ನು ನಂಬಲು ಇಷ್ಟು ಸಾಕು.

ಬಳಸಿದಷ್ಟು ಬೆರಳಿನ ಜಾಗ ಬೆಳೆಯುತ್ತದೆಯೇ? 1995ರಲ್ಲಿ ಜರ್ಮನಿಯ ಥಾಮಸ್ ಎಲ್ಬರ್ಟ್ ಮತ್ತು ಸಂಗಡಿಗರು ಒಂಬತ್ತು ಮಂದಿ ತಂತಿವಾದ್ಯ ವಾದಕರ ಮಿದುಳನ್ನು ಅಳೆದರು. ತಂತಿಯನ್ನು ಒತ್ತುವ ಎಡಗೈ ಬೆರಳುಗಳ ಸ್ಪಂದನ ಬೇರೆಯವರಿಗಿಂತ ದೊಡ್ಡದಿತ್ತು. ಚಿಕ್ಕಂದಿನಿಂದ ನುಡಿಸಿದವರಲ್ಲಿ ಇನ್ನೂ ದೊಡ್ಡದು. ಬ್ರೈಲ್ ಓದುವವರ ಓದುಬೆರಳಿನಲ್ಲೂ ಇಂಥದ್ದೇ ಬದಲಾವಣೆ ಕಂಡಿತ್ತು. 2015ರ ಇನ್ನೊಂದು ಅಧ್ಯಯನ ಹೇಳುವುದು ನನಗೆ ಇವೆರಡಕ್ಕಿಂತ ಮುಖ್ಯ ಅನಿಸುತ್ತದೆ: ದಿನನಿತ್ಯ ಯಾವ ಬೆರಳುಗಳು ಜತೆಯಾಗಿ ಆಡುತ್ತವೋ ಮಿದುಳಿನಲ್ಲಿಯೂ ಅವುಗಳ ಗುರುತು ಒಂದಕ್ಕೊಂದು ಹತ್ತಿರವಿರುತ್ತದೆ. ಕೈಯ ರೂಢಿಯೇ ನಕ್ಷೆಯ ಆಕಾರ. ಇದನ್ನು ಇನ್ನೊಂದು ಬದಿಯಿಂದ ನೋಡಲು ಆಕ್ಸ್‌ಫರ್ಡ್‌ನವರು 2016ರಲ್ಲಿ ಬಲಗೈಯ ತೋರುಬೆರಳು, ನಡುಬೆರಳನ್ನು ಒಂದು ದಿನದ ಮಟ್ಟಿಗೆ ಅಂಟಿಸಿ ನೋಡಿದರು. ಇಪ್ಪತ್ನಾಲ್ಕು ಗಂಟೆಯಲ್ಲಿ ಉಂಗುರ ಬೆರಳಿನ ಗುರುತು ನಡುಬೆರಳಿನಿಂದ ದೂರ ಸರಿದು ಕಿರುಬೆರಳಿನ ಕಡೆ ವಾಲಿತ್ತು.

ಒಂದು ದಿನದ ಅಂಟಿಗೇ ಇಷ್ಟು ಕದಲುವ ನಕ್ಷೆ, ಹತ್ತು ಹನ್ನೆರಡರ ವಯಸ್ಸಿನಿಂದ ದಿನವೂ ಜೋಳದ ರೊಟ್ಟಿ ಬಡಿಯುವ ಕೈಗಳಲ್ಲಿ ಹೇಗಿರಬೇಡ! ಜೋಳದ ಹಿಟ್ಟಿಗೆ ಗೋಧಿಯಂತೆ ಎಳೆದರೆ ಹಿಗ್ಗುವ ಜಿಗುಟಿಲ್ಲ. ಕುದಿನೀರು ಹಾಕಿ ನಾದಿ, ಬಡಿಬಡಿದು ಅಗಲಿಸಬೇಕು. ಎಲ್ಲಿ ದಪ್ಪ, ಎಲ್ಲಿ ತೆಳು, ಅಂಚು ಎಲ್ಲಿ ಬಿರಿಯುತ್ತಿದೆ ಎಂಬುದೆಲ್ಲ ಬೆರಳಿಗೆ ಗೊತ್ತಾಗಬೇಕು. ಸೇಡಂ ಕಡೆಯ ಯಾವ ಮನೆಗೆ ಹೋದರೂ ಮಾತಾಡುತ್ತ, ಮಗುವನ್ನು ಗದರುತ್ತ, ಒಲೆಯ ಉರಿ ನೋಡುತ್ತ ಕೈ ತನ್ನ ಪಾಡಿಗೆ ರೊಟ್ಟಿಯನ್ನು ದುಂಡಗೆ ಮಾಡುತ್ತಿರುತ್ತದೆ. ಚಿಂಚೋಳಿಯ ತಾಂಡಾಗಳಲ್ಲಿ ಹಿರಿಯ ಹೆಂಗಸರ ಉಡುಪಿನ ಮೇಲಿನ ಕನ್ನಡಿ ಬಿಲ್ಲೆ, ಕವಡೆ, ಒತ್ತೊತ್ತಾದ ಹೊಲಿಗೆ ಇವೂ ಬೆರಳ ತುದಿಯ ಲೆಕ್ಕದಲ್ಲೇ ಕೂತವು. ಆದರೂ ದುಡಿಮೆಯ ಕಾಗದಗಳಲ್ಲಿ ಈ ಕೈಗಳಿಗೆ ಸಿಕ್ಕ ಅಂಕಣ ಅಕುಶಲ. 2005ರ ಉದ್ಯೋಗ ಖಾತ್ರಿ ಕಾಯ್ದೆ ಕೊಟ್ಟದ್ದು ಅಕುಶಲ ದೈಹಿಕ ಕೆಲಸ. ಗಣಿ, ಕಟ್ಟಡಗಳ ಕನಿಷ್ಠ ಕೂಲಿಯ ಪಟ್ಟಿಗಳಲ್ಲೂ ಕೊನೆಯ ಸಾಲು ಇದೇ. ತಂತಿವಾದ್ಯದವರ ಎಡಗೈಗೆ ವಿಜ್ಞಾನ ತೋರಿದ ಗೌರವ ಉಳಿ ಹಿಡಿದ ಎಡಗೈಗೂ ಸಲ್ಲಬೇಕು. ಎರಡರ ಹಿಂದೆಯೂ ವರ್ಷಗಟ್ಟಲೆ ತಿದ್ದಿಕೊಂಡ ಮಿದುಳಿದೆ.

ಉಳಿ ಹಿಡಿದ ಎಡಗೈಯ ಚರಿತ್ರೆಯಲ್ಲಿ ಇನ್ನೊಂದು ಅಧ್ಯಾಯವಿದೆ, ಅದು ನಮ್ಮಂಥದೇ ಸುಣ್ಣಕಲ್ಲಿನ ಊರಿನದು. ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್‌ಗೆ 1918ರ ಚಳಿಗಾಲದಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಹೋದರು. ಕಾರ್ಖಾನೆಯ ಕಾಯಿಲೆಗಳನ್ನು ಬೆನ್ನಟ್ಟಿ ಹೋಗುವುದೇ ಅವರ ಕಸುಬು. ಮರುವರ್ಷ ಅವರು ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಅಧ್ಯಾಪಕರಾದರು. ಬೆಡ್‌ಫರ್ಡ್‌ನ ಕಲ್ಲುಕುಟಿಗರಿಗೆ ಗಾಳಿಯ ಒತ್ತಡದಿಂದ ಓಡುವ ಸುತ್ತಿಗೆಗಳು ಬಂದಿದ್ದವು. ಬೆಳಗಿನ ಚಳಿಗೆ ಅವರ ಬೆರಳುಗಳು ಸುಣ್ಣದಂತೆ ಬೆಳ್ಳಗಾಗಿ ಮರಗಟ್ಟುತ್ತಿದ್ದವು; ಹೆಚ್ಚಾಗಿ ಎಡಗೈಯವು, ಯಾಕೆಂದರೆ ಉಳಿ ಹಿಡಿಯುತ್ತಿದ್ದದ್ದು ಆ ಕೈ. ಯಂತ್ರದ ಕಂಪನವೇ ಕಾರಣ ಎಂದು ಹ್ಯಾಮಿಲ್ಟನ್ ಬರೆದರು. ಅರವತ್ತು ವರ್ಷದ ನಂತರ, 1978ರಲ್ಲಿ, ಅದೇ ಊರಿಗೆ ಮತ್ತೊಂದು ತಂಡ ಹೋಯಿತು. ಅದೇ ಸುತ್ತಿಗೆ, ಅದೇ ಬಿಳಿಬೆರಳು.

ಕಲಬುರಗಿ ಜಿಲ್ಲೆಯ ಬಿಸಿಲಿನಲ್ಲಿ ಬೆರಳು ಬೆಳ್ಳಗಾಗುವುದು ಅಪರೂಪ, ಅದಕ್ಕೆ ಚಳಿ ಬೇಕು. ಆದರೆ ಕಂಪನ ನರಕ್ಕೆ ಮಾಡುವ ಪೆಟ್ಟಿಗೆ ಹವೆಯ ಹಂಗಿಲ್ಲ. ನಾಲ್ಕಿಂಚಿನ ಕೈಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಸೆಕೆಂಡಿನ ಲೆಕ್ಕದಲ್ಲಿ 180ರ ಹತ್ತಿರ. ಪ್ಯಾಸಿನಿ ಕಣಗಳು ಅತಿ ಚುರುಕಾಗಿರುವ ಕಂಪನದ ಪಕ್ಕಕ್ಕೇ ಬಂತು. ಕಲ್ಲಿನ ಸುದ್ದಿ ತರಲು ಇರುವ ಅದೇ ಹಾದಿಯಲ್ಲಿ ಯಂತ್ರ ದಿನವಿಡೀ ಕೂಗಾಡುತ್ತದೆ. ಮೊದಲು ಕೆಲಸ ಬಿಟ್ಟ ಮೇಲೆ ಅರ್ಧ ಗಂಟೆ ಜೋಮು. ಆಮೇಲೆ ರಾತ್ರಿ ನಿದ್ದೆಯಲ್ಲಿ ಜೋಮು. ಕೊನೆಗೆ ಅಂಗಿಯ ಗುಂಡಿ ಹಾಕಲು, ನೆಲಕ್ಕೆ ಬಿದ್ದ ಮೊಳೆ ಹೆಕ್ಕಲು ಬೆರಳು ತಡವರಿಸುತ್ತದೆ. ಜೋಮು ಹಿಡಿದದ್ದು ಹೋಗುತ್ತದೆ ಬಿಡು ಎನ್ನುವ ವರ್ಷಗಳಲ್ಲೇ ಹೋಗದ ಹಂತ ಬಂದಿರುತ್ತದೆ.

ಸಿಮೆಂಟಿನ ಕಥೆ ಬೇರೆ ಬಗೆಯದು. ನೀರು ಕಲಸಿದ ಸಿಮೆಂಟಿನ ಕ್ಷಾರಾಂಶ ಎಷ್ಟೆಂದರೆ ಅದರ ಪಿಎಚ್ 12ರ ಮೇಲೆ. ಮುಟ್ಟಿದಾಗ ಉರಿಯುವುದಿಲ್ಲ, ಗಂಟೆಗಳ ನಂತರ ಚರ್ಮ ಬಿರಿಯುತ್ತದೆ. ಅದರಲ್ಲಿನ ಕ್ರೋಮಿಯಂ ಕೆಲವರಿಗೆ ಬೇಗ ವಾಸಿಯಾಗದ ತುರಿಕೆಯ ಇಸುಬು ತರುತ್ತದೆ. ಚಿಂಚೋಳಿ, ಸೇಡಂ ಕಡೆಯ ಎಷ್ಟೋ ಕುಟುಂಬಗಳು ಬಿತ್ತನೆ, ರಾಶಿ ಮುಗಿದ ಮೇಲೆ ಹೈದರಾಬಾದ್, ಪುಣೆ, ಮುಂಬೈಯ ಕಟ್ಟಡ ಕೆಲಸಕ್ಕೆ ಹೋಗುತ್ತವೆ. ಗೌಂಡಿಗೆ ಗಾರೆ ಎತ್ತಿ ಕೊಡುವ ಹೆಂಗಸರ ಬೆರಳ ತುದಿಯ ಗೆರೆಗಳು ಸವೆದು ನುಣ್ಣಗಾಗುತ್ತವೆ. ಊರಿಗೆ ಬಂದು ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರಕ್ಕೆ ಗುರುತು ಸಿಗುವುದಿಲ್ಲ. ಒರೆಸಿ ಒತ್ತು, ಇನ್ನೊಂದು ಬೆರಳು ಒತ್ತು, ನಾಳೆ ಬಾ. ಅಕ್ಕಿಗಾಗಿ ನಿಂತವರ ಈ ಅವಮಾನದ ಜತೆಗೆ ಇನ್ನೊಂದು ನಷ್ಟವೂ ಇದೆ. ಬೆರಳಿನ ಗೆರೆಗಳು ಇರುವುದು ಗುರುತಿಗಲ್ಲ. ಮೇಲ್ಮೈಯ ಮೇಲೆ ಬೆರಳು ಸರಿದಾಗ ಅವು ಸೂಕ್ಷ್ಮ ನಡುಕವನ್ನು ಪ್ಯಾಸಿನಿ ಕಣಗಳಿಗೆ ಸರಿಹೊಂದುವಂತೆ ಹಿಗ್ಗಿಸಿ ಕಳಿಸುತ್ತವೆ ಎಂದು ಫ್ರಾನ್ಸಿನ ಭೌತವಿಜ್ಞಾನಿಗಳು 2009ರಲ್ಲಿ ತೋರಿಸಿದ್ದರು. ಗೆರೆ ಸವೆದ ಬೆರಳಿಗೆ ಲೋಕವೂ ಸ್ವಲ್ಪ ನುಣ್ಣಗೆ, ಮಂಕಾಗಿ ಸಿಗಬಹುದು. ಸಮಾಧಾನದ ಮಾತೆಂದರೆ, ಆಳದ ಚರ್ಮ ಉಳಿದಿದ್ದರೆ ಕೆಲವು ವಾರಗಳ ಬಿಡುವಿಗೆ ಗೆರೆಗಳು ಮತ್ತೆ ಏಳುತ್ತವೆ. ರಬ್ಬರ್ ಕೈಗವಸು ಕೊಟ್ಟರೆ ಸವೆತ ಬಹಳ ಕಡಿಮೆಯಾಗುತ್ತದೆ.

ಬೆರಳೇ ಹೋದರೆ? 1984ರಲ್ಲಿ ನರವಿಜ್ಞಾನಿ ಮೈಕೆಲ್ ಮರ್ಜೆನಿಕ್ ಅವರ ತಂಡ, ಬೆರಳು ತೆಗೆದ ಕೋತಿಯ ಮಿದುಳಿನಲ್ಲಿ ಆ ಬೆರಳಿನ ಜಾಗವನ್ನು ಪಕ್ಕದ ಬೆರಳುಗಳು ತಿಂಗಳುಗಳಲ್ಲಿ ಆಕ್ರಮಿಸಿದ್ದನ್ನು ಕಂಡಿತು. ತೋಳು ಕಳೆದುಕೊಂಡ ಕೆಲವರ ಕೆನ್ನೆ ಮುಟ್ಟಿದರೆ ಇಲ್ಲದ ಬೆರಳು ಮುಟ್ಟಿದಂತಾಗುವುದನ್ನು ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ವಿವರಿಸಿದ್ದೂ, ಮುಖ ಮತ್ತು ಕೈ ಸ್ಪರ್ಶದ ಪಟ್ಟಿಯಲ್ಲಿ ನೆರೆಹೊರೆ ಎಂಬ ಆಧಾರದ ಮೇಲೆ. ಹರಿಯಾಣದ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ನೀರಜ್ ಜೈನ್ ಅವರ ತಂಡ ಬೆನ್ನುಹುರಿಗೆ ಪೆಟ್ಟಾದ ಕೋತಿಗಳಲ್ಲಿ ಗಲ್ಲದ ಸ್ಪರ್ಶ ಕೈಯ ಜಾಗಕ್ಕೆ ಹರಿದದ್ದನ್ನು ಹಿಂಬಾಲಿಸಿ, ಆ ಬದಲಾವಣೆಯ ಬೇರು ಮೇಲಿನ ಪದರದಲ್ಲಲ್ಲ, ಕೆಳಗೆ ಮಿದುಳುಕಾಂಡದಲ್ಲಿದೆ ಎಂದು 2014ರಲ್ಲಿ ತೋರಿಸಿತು. ಅಂದರೆ ಮೇಲಿನ ನಕ್ಷೆ ನಾವಂದುಕೊಂಡಷ್ಟು ಬೇಗ ಅಳಿಯುವುದಿಲ್ಲ. ಬ್ರಿಟನ್ನಿನ ತಮಾರ್ ಮೇಕಿನ್ ಮತ್ತು ಸಂಗಡಿಗರು ಇದನ್ನೇ ಮನುಷ್ಯರಲ್ಲಿ ನೋಡಿದರು. ದಶಕಗಳ ಹಿಂದೆ ಕೈ ಕಳೆದುಕೊಂಡವರಿಗೆ, ಇಲ್ಲದ ಬೆರಳುಗಳನ್ನು ಒಂದೊಂದಾಗಿ ಆಡಿಸಿ ಎಂದರು. 7 ಟೆಸ್ಲಾ ಚಿತ್ರದಲ್ಲಿ ಹೆಬ್ಬೆರಳಿನಿಂದ ಕಿರುಬೆರಳವರೆಗಿನ ಸಾಲು ಹಾಗೆಯೇ ಮೂಡಿತು. 2025ರಲ್ಲಿ ಬಂದ ಅವರ ಇನ್ನೊಂದು ಬರಹ, ಮೂವರನ್ನು ತೋಳು ತೆಗೆಯುವ ಮೊದಲೂ ಆಮೇಲೆ ವರ್ಷಗಳವರೆಗೂ ನೋಡಿ, ನಕ್ಷೆ ಸ್ಥಿರವಾಗಿಯೇ ಇತ್ತು ಎಂದಿತು. ವಿಜ್ಞಾನಿಗಳ ನಡುವೆ ಈ ವಾದ ಮುಗಿದಿಲ್ಲ. ಆದರೆ ಕೈ ಹೋದ ಮೇಲೂ ಕೈಯ ತಿಳಿವಳಿಕೆಯ ಬಹುಭಾಗ ಉಳಿದಿರುತ್ತದೆ ಎಂಬ ಕಡೆಗೆ ಪುರಾವೆಯ ತೂಕ ವಾಲುತ್ತಿದೆ ಅನಿಸುತ್ತದೆ. ಕೃತಕ ಕೈ ಮಾಡುವವರಿಗೆ ಇದು ದೊಡ್ಡ ಆಸರೆ. ಇಲ್ಲದ ಬೆರಳು ನೋಯುತ್ತದೆ ಎಂದು ಹೇಳುವ ಕಾರ್ಮಿಕನಿಗೂ ಆಸರೆ. ಅದು ಭ್ರಮೆಯಲ್ಲ, ನಾಟಕವಂತೂ ಅಲ್ಲ.

ಕಾಯ್ದೆಯ ಲೆಕ್ಕ ಸೋಲುವುದು ಇಲ್ಲಿಯೇ. ಅನುಸೂಚಿ ಬೆರಳಿನ ಗಿಣ್ಣುಗಳನ್ನು ಒಂದೊಂದಾಗಿ ಎಣಿಸಿದೆ. ಐದೂ ಬೆರಳಿದ್ದು ಐದಕ್ಕೂ ಸ್ಪರ್ಶವಿಲ್ಲದ ಕೈಗೆ ಆ ಸಾಲುಗಳಲ್ಲಿ ಜಾಗವಿಲ್ಲ. ಅಂಥವರ ನಷ್ಟವನ್ನು ವೈದ್ಯರೇ ಅಳೆದು ಬರೆದುಕೊಡಬೇಕು. ಅಳೆಯಬೇಕಾದರೆ ಅದಕ್ಕೂ ಮೊದಲು ಯಾರಾದರೂ ಮುಟ್ಟಿ ನೋಡಿರಬೇಕು.

ಅದಕ್ಕೆ ಕೋಟಿಗಟ್ಟಲೆಯ ಯಂತ್ರ ಬೇಡ. ಬೆರಳಿನ ಎಫ್ಎಂಆರ್‌ಐ ಇಂದು ಆಸ್ಪತ್ರೆಗೆ ಬೇಕಾಗುವುದು ಮುಖ್ಯವಾಗಿ ಕೈಯ ಪಟ್ಟಿಯ ಪಕ್ಕ ಗಡ್ಡೆ ಬೆಳೆದಾಗ. ವಾಡಿ ಜಂಕ್ಷನ್‌ನಲ್ಲಿ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗೆ ಹೋಗಬೇಕಾದ ಕಾಯಿಲೆ ಅದು. ಎಲ್ಲಿ ಕತ್ತರಿಸಿದರೆ ಬೆರಳು ಸತ್ತೀತು ಎಂದು ಶಸ್ತ್ರವೈದ್ಯರಿಗೆ ಮೊದಲೇ ತಿಳಿಯಲು ಈ ಚಿತ್ರ ನೆರವಾಗುತ್ತದೆ. ಗ್ರೈಂಡರ್ ಹಿಡಿದವರ ಜೋಮಿಗೆ ಚಿತ್ತಾಪುರದ ತಾಲ್ಲೂಕು ಆಸ್ಪತ್ರೆಯ ಮೇಜಿನ ಮೇಲೆ ಒಂದು ಶ್ರುತಿಕವೆ, ಹತ್ತಿಯ ಎಳೆ, ಒತ್ತಿದರೆ ಬಾಗುವ ನೈಲಾನ್ ದಾರ ಇದ್ದರೆ ಸಾಕು. ಕುಷ್ಠರೋಗದ ತಪಾಸಣೆಯಲ್ಲಿ, ಸಕ್ಕರೆ ಕಾಯಿಲೆಯವರ ಪಾದ ನೋಡುವಲ್ಲಿ ಇವನ್ನೇ ಬಳಸುತ್ತಾರೆ. ಕಣ್ಣು ಮುಚ್ಚಿಸಿ ಬೆರಳ ತುದಿಗೆ ಎರಡು ಮೊನೆ ತಾಗಿಸಿದರೆ, ಎರಡು ಮೂರು ಮಿಲಿಮೀಟರ್ ಅಂತರವಿದ್ದರೂ ಆರೋಗ್ಯವಾದ ಬೆರಳು ಎರಡು ಎಂದು ಹೇಳಬೇಕು. ಪಾಲಿಷ್ ಘಟಕಗಳ, ಗಣಿಗಳ ಪ್ರತಿ ಕೈಗೂ ವರ್ಷಕ್ಕೊಮ್ಮೆ ಇಷ್ಟು ಮಾಡಿ ಬರೆದಿಟ್ಟರೆ, ನಷ್ಟ ತಡೆಯಬಹುದಾದ ಹೊತ್ತಿಗೇ ಗೊತ್ತಾಗುತ್ತದೆ. ಪರಿಹಾರ ಕೇಳುವ ದಿನ ಬಂದರೆ ಕಾಗದವೂ ಇರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿರುವ ಇಎಸ್ಐ ಕಾರ್ಮಿಕರಿಗೆ ಕಲಬುರಗಿಯಲ್ಲಿ ಇಎಸ್‌ಐಸಿಯ ವೈದ್ಯಕೀಯ ಕಾಲೇಜೇ ಇದೆ. ಹೆಸರೇ ಬರೆಸಿಕೊಳ್ಳದ ಗಣಿ ಕೂಲಿಗಳಿಗೆ ಈ ತಪಾಸಣೆ ಅವರಿದ್ದಲ್ಲಿಗೇ ಬರಬೇಕು.

ನರ ಕತ್ತರಿಸಿಹೋಗಿ ಹೊಲಿಸಿಕೊಂಡವರಿಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಬಹಳ ಮಂದಿ ಹೊಲಿಗೆ ಬಿಚ್ಚಿಸಿಕೊಂಡ ದಿನವೇ ಚಿಕಿತ್ಸೆ ಮುಗಿಯಿತು ಎಂದುಕೊಳ್ಳುತ್ತಾರೆ. ಕತ್ತರಿಸಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಮಣಿಕಟ್ಟಿನಿಂದ ಬೆರಳ ತುದಿಗೆ ತಲುಪಲು ಆರು ತಿಂಗಳು. ತಲುಪುವಾಗ ಎಳೆಗಳು ಅದಲುಬದಲಾಗುತ್ತವೆ: ನಡುಬೆರಳಿಗೆ ಹೋಗಬೇಕಾದದ್ದು ತೋರುಬೆರಳಿಗೆ ಹೋಗಿ ಕೂರುತ್ತದೆ, ಮಿದುಳಿನ ಸಾಲಿಗೆ ತಪ್ಪು ಬೆರಳಿನ ಸುದ್ದಿ ಬರುತ್ತದೆ. ಕೈ ಮುಟ್ಟಿದ್ದನ್ನು ಮಿದುಳು ಹೊಸದಾಗಿ ಓದಲು ಕಲಿಯಬೇಕು. ಸ್ವೀಡನ್ನಿನ ಮಾಲ್ಮೋದಲ್ಲಿ ಯೋರಾನ್ ಲುಂಡ್‌ಬೋರ್ಗ್, ಬಿರ್ಗಿಟ್ಟಾ ರೋಸೆನ್ ಈ ಕಲಿಕೆಗೊಂದು ಕ್ರಮ ಕೊಟ್ಟಿದ್ದಾರೆ. ಅದನ್ನು ನಮ್ಮ ಅಡುಗೆಮನೆಯ ಸಾಮಾನಿನಲ್ಲೇ ಮಾಡಬಹುದು. ಒಂದು ಬುಟ್ಟಿಯಲ್ಲಿ ತೊಗರಿ, ಕಡಲೆ, ಜೋಳ ಬೆರೆಸಿಡಿ. ಕಣ್ಣು ಮುಚ್ಚಿ ಪೆಟ್ಟಾದ ಬೆರಳಿನಿಂದ ಒಂದೊಂದನ್ನೇ ಹಿಡಿದು ಯಾವುದೆಂದು ಹೇಳಿ, ಕಣ್ಣು ತೆರೆದು ನೋಡಿ, ತಪ್ಪಿದ್ದರೆ ನೋಡುತ್ತಲೇ ಮತ್ತೆ ಮುಟ್ಟಿ, ಮತ್ತೆ ಕಣ್ಣು ಮುಚ್ಚಿ. ಒಮ್ಮೆಗೆ ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ, ತಿಂಗಳುಗಟ್ಟಲೆ. ಮಕ್ಕಳು ಬೇಗ ಕಲಿಯುತ್ತಾರೆ, ದೊಡ್ಡವರಿಗೆ ಹೆಚ್ಚು ದಿನ ಬೇಕು. ಬಿಸಿ ತಿಳಿಯುವವರೆಗೆ ಆ ಕೈಯನ್ನು ಹೆಂಚಿನ ಹತ್ತಿರ ಒಯ್ಯಬೇಡಿ.